ಪೇಗನ್ ಬಳಗಕ್ಕೆ ಹೊಸಬರು ಬಂದಾಗ

ನಾಲ್ಕು ಜನ ಸೇರಿ ಒಂದು ಮರಕ್ಕೆ ಕೈಮುಗಿದರೆ ಸಾಕು, ನಮ್ಮ ಕಡೆ ಐದನೆಯವರು ಬಂದು "ಇಲ್ಲಿ ಎಂತ ನಡೀತಾ ಉಂಟು?" ಎಂದು ಕೇಳಿಯೇ ಕೇಳುತ್ತಾರೆ. ಆ ಐದನೆಯವರಿಗೆ ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಇಂಥವು ನನಗೆ ಆಗುತ್ತಲೇ ಇರುತ್ತವೆ. ಆಗುವಾಗ ಎದೆ ಡವಡವ ಎನ್ನುತ್ತಿರುತ್ತದೆ. ನಗು ಬರುವುದು ಮನೆಗೆ ಬಂದು ಚಾ ಕುಡಿದ ಮೇಲೆ.

ನಾನು ಮಣಿಪಾಲದಲ್ಲಿ ಹೊರದೇಶದವರಿಗೆ ಮಾತಾಡುವ ಕನ್ನಡ ಕಲಿಸುವವಳು. "ಎಲ್ಲಿ ನೋವುಂಟು?", "ಖಾರ ಕಡಿಮೆ ಹಾಕಿ", ಇಂಥ ಪಾಠಗಳು. ಲಿಥುವೇನಿಯಾದ ಒಬ್ಬ ಮಣ್ಣಿನ ಸಂಶೋಧಕಿ ನನ್ನಲ್ಲಿ ಕಲಿಯುತ್ತಿದ್ದಳು. ದಪ್ಪ ಕನ್ನಡಕದ, ಬಾಯ್ತುಂಬ ನಗುವ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಒಂದು ದಿನ ಪಾಠ ಮುಗಿದ ಮೇಲೆ ಮೆಲ್ಲಗೆ, "ಟೀಚರ್, ನಾನು ಪೇಗನ್" ಎಂದಳು. ಏನೋ ಕಾಯಿಲೆ ಎಂದುಕೊಂಡು ನಾನು, "ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿದೆ.

ಕಾಯಿಲೆ ಅಲ್ಲ. ಯುರೋಪಿನಲ್ಲಿ ಚರ್ಚು ಬರುವ ಮೊದಲು ಜನರು ಸೂರ್ಯ, ಬೆಂಕಿ, ಮರ, ನದಿಗಳನ್ನು ಪೂಜಿಸುತ್ತಿದ್ದರಂತೆ. ಆ ಹಳೆಯ ದಾರಿಯನ್ನು ಈಗ ಮತ್ತೆ ಹಿಡಿದವರಿಗೆ ಪೇಗನ್ ಎಂಬ ಹೆಸರು. ಹುಣ್ಣಿಮೆಗೆ ಸೇರುತ್ತಾರೆ, ಋತು ತಿರುಗಿದಾಗ ಹಬ್ಬ ಮಾಡುತ್ತಾರೆ. ಮಣಿಪಾಲದಲ್ಲಿ ಅಂಥವರು ಆಗ ಮೂರೇ ಜನ: ಅಕ್ಕ, ಫಿಸಿಯೋಥೆರಪಿ ಓದುವ ಒಬ್ಬ ಐರ್ಲೆಂಡಿನವನು, ಪುಣೆಯಿಂದ ಡಿಸೈನ್ ಕಲಿಯಲು ಬಂದ ಒಬ್ಬಳು.

"ನನ್ನ ಊರಿನಲ್ಲಿ ಹಬ್ಬಕ್ಕೆ ಇಡೀ ಹಳ್ಳಿ ಬರುತ್ತದೆ. ಇಲ್ಲಿ ನಾವು ವೃತ್ತದಲ್ಲಿ ನಿಂತರೆ ಅದು ತ್ರಿಕೋನ ಆಗುತ್ತದೆ" ಎಂದಳು ಅಕ್ಕ. ಹೇಳುವಾಗ ನಗುತ್ತಿದ್ದಳು, ಆದರೆ ಕನ್ನಡಕ ತೆಗೆದು ಒರೆಸಿಕೊಂಡಳು. ಹೊಸಬರು ಬಂದರೆ ಮಾತಾಡಿಸಲು ಊರಿನವರು ಒಬ್ಬರು ಬೇಕು ಎಂದು ಕೇಳಿಕೊಂಡಳು. ಇಲ್ಲ ಎನ್ನಲಿಕ್ಕೆ ಆಗಲಿಲ್ಲ. ಹೀಗೆ ತ್ರಿಕೋನ ಚೌಕವಾಯಿತು.

ಬರಮಾಡಿಕೊಂಡದ್ದು

ವಾಟ್ಸಾಪಿನಲ್ಲಿ ಸಣ್ಣದೊಂದು ಆಹ್ವಾನ ಹಾಕಿದೆವು. ಮೊದಲು ಉತ್ತರ ಬಂದದ್ದು ಆದಿ ಉಡುಪಿಯ ಒಬ್ಬ ಹಲ್ಲಿನ ಡಾಕ್ಟರರಿಂದ: "ಖಂಡಿತ ಬರುತ್ತೇನೆ. ನಮ್ಮಂಥವರು ಇಲ್ಲಿ ಬೇರೆಯೂ ಇದ್ದಾರೆ ಅಂತ ಗೊತ್ತಿರಲಿಲ್ಲ." ಅದನ್ನು ಓದಿ ಅಕ್ಕನಿಗೆ ರೆಕ್ಕೆ ಮೂಡಿತು. ನನಗೆ ದಿನಾ ಫೋನು. "ಟೀಚರ್, ವೆಲ್ಕಮ್ ಅನ್ನುವುದಕ್ಕೆ ಒಳ್ಳೆಯ ಕನ್ನಡ ಶಬ್ದ ಕೊಡಿ, ದೊಡ್ಡ ಶಬ್ದ." ನಾನು "ಬರಮಾಡಿಕೊಳ್ಳುತ್ತೇವೆ" ಎಂದು ಕಲಿಸಿದೆ.

ಹಬ್ಬದ ದಿನ ಸಂಜೆ ಹೊತ್ತಿಗೆ ಡಾಕ್ಟರರು ಅಕ್ಕನ ಮನೆಗೆ ಬಂದರು. ಸಣಕಲು ಮನುಷ್ಯ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಒಳಗೆ ಪರದೆ ಎಳೆದಿತ್ತು, ಮೇಣದ ಬತ್ತಿ ಉರಿಯುತ್ತಿತ್ತು. ಹಿರಿಯರನ್ನು ನೆನೆಯುವ ಹಬ್ಬ ಅದು. ಅಕ್ಕ ಕಪ್ಪು ನಿಲುವಂಗಿ ಹಾಕಿದ್ದಳು. ಸಿಹಿಗುಂಬಳಕಾಯಿ ಕತ್ತರಿಸುವುದರ ನಡುವೆ ಎದ್ದು ಬಂದದ್ದರಿಂದ ಕೈಯಲ್ಲಿ ಚೂರಿಯೂ ಇತ್ತು. ದೀಪಾವಳಿ ಕಳೆದು ಎರಡು ಮೂರು ದಿನ ಆಗಿತ್ತಷ್ಟೆ, ಬಲೀಂದ್ರ ಪೂಜೆಯ ಪಾಠ ಅವಳ ತಲೆಯಲ್ಲಿ ಬಿಸಿಯಾಗಿಯೇ ಇತ್ತು. ಡಾಕ್ಟರರ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಗಂಭೀರವಾಗಿ ಹೇಳಿದಳು:

"ಬನ್ನಿ. ಇವತ್ತು ನಾವು ನಿಮ್ಮನ್ನು ಬಲಿ ಮಾಡಿಕೊಳ್ಳುತ್ತೇವೆ."

ಡಾಕ್ಟರರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಐರ್ಲೆಂಡಿನವನು ಅವರ ಹಿಂದೆ ಹೋಗಿ, ಗಾಳಿಗೆ ಬತ್ತಿ ಆರಬಾರದು ಎಂದು ಬಾಗಿಲು ಮುಚ್ಚಿ ಚಿಲಕ ಹಾಕಿದ. ಡಬ್ಬಿ ಕೈಜಾರಿ ಠಣ್ ಎಂದಿತು. "ನನಗೆ... ನನಗೆ ಕ್ಲಿನಿಕ್ಕಿನಲ್ಲಿ ಪೇಷೆಂಟ್ ಉಂಟು" ಎಂದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಹೆದರಬೇಡಿ, ಎಲ್ಲರಿಗೂ ಮೊದಲ ಸಲ ಹೀಗೇ. ಬೇಗ ಮುಗಿಯುತ್ತದೆ" ಎಂದು ಅಕ್ಕ ಚೂರಿ ಹಿಡಿದ ಕೈಯಿಂದಲೇ ಸಮಾಧಾನ ಮಾಡಿದಳು.

ನಾನು ನಡುವೆ ನುಗ್ಗಿ ಬಿಡಿಸಿ ಹೇಳುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಕುಸಿದಿದ್ದರು. ನೀರು ಕೊಟ್ಟೆವು. ವಿಷಯ ಏನೆಂದರೆ, ಅವರು ಪೇಗನ್ ಎಂಬುದನ್ನು ವೇಗನ್ ಎಂದು ಓದಿಕೊಂಡಿದ್ದರು. ಹಾಲು, ತುಪ್ಪ, ಮೊಟ್ಟೆ, ಮಾಂಸ ಯಾವುದೂ ಮುಟ್ಟದವರು. ಡಬ್ಬಿಯಲ್ಲಿ ಇದ್ದದ್ದು ತೆಂಗಿನ ಹಾಲಿನ ಪಾಯಸ.

ಅಕ್ಕ ಅಳುವುದೊಂದು ಬಾಕಿ. ಇವರು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆವು ನಾವೆಲ್ಲ. ಅವರು ನೀರು ಕುಡಿದು ಮುಗಿಸಿ, ಉಸಿರು ಬಿಟ್ಟು ಹೇಳಿದರು, "ಹತ್ತು ವರ್ಷದಿಂದ ಮಾಂಸ ತಿನ್ನಬೇಡಿ ಅಂತ ಊರಿಗೆಲ್ಲ ಹೇಳ್ತಾ ಬಂದೆ. ಕೋಳಿಗೆ ಹೇಗಾಗ್ತದೆ ಅಂತ ಸರಿಯಾಗಿ ಗೊತ್ತಾದದ್ದು ಇವತ್ತೇ."

ಪಾಯಸ ಎಲ್ಲರೂ ತಿಂದೆವು. ಅವರು ಮುಂದಿನ ಹುಣ್ಣಿಮೆಗೂ ಬಂದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು.

ಆಗ್ನೇಯ ಮೂಲೆ

ಅಕ್ಕ ಇದ್ದದ್ದು ಕಡಿಯಾಳಿಯ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಅದಕ್ಕೂ ಮೊದಲು ಮಣಿಪಾಲದ ಎರಡು ಮನೆಗಳಿಂದ ಅವಳನ್ನು ಬಿಡಿಸಿದ್ದರು. ಒಂದು ಕಡೆ "ಪಾರ್ಟಿ ಮಾಡ್ತಾರೆ" ಎಂದು, ಇನ್ನೊಂದು ಕಡೆ "ಪಾರ್ಟಿ ಮಾಡುವುದಿಲ್ಲ, ಮತ್ತೆ ಎಂತ ಮಾಡ್ತಾರೆ?" ಎಂದು. ಈ ಮನೆಯೂ ಹೋದರೆ ಬಳಗಕ್ಕೆ ಕೂರಲು ಜಾಗವಿಲ್ಲ. ಆದ್ದರಿಂದ ಮೆಲ್ಲಗೆ ಹಾಡುತ್ತಿದ್ದೆವು, ಬೆಕ್ಕಿನ ಹಾಗೆ ಮೆಟ್ಟಿಲು ಹತ್ತುತ್ತಿದ್ದೆವು.

ಮನೆಯ ಯಜಮಾನಿ ಕೆಳಗಿನ ಮನೆಯಲ್ಲಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಹುಬ್ಬು ಗಂಟಿಕ್ಕಿಯೇ ಹುಟ್ಟಿದವರ ಹಾಗೆ ಮುಖ. ಮೇಲೆ ಮಾಟ ಮಾಡ್ತಾರೆ ಎಂದು ಪಕ್ಕದ ಮನೆಯವರು ಅವರ ಕಿವಿಗೆ ಹಾಕಿದ್ದು ನನಗೂ ತಲುಪಿತ್ತು.

ಒಂದು ಹುಣ್ಣಿಮೆಯ ಸಂಜೆ ನಾವು ಕಣ್ಣು ಮುಚ್ಚಿ ಹಾಡುತ್ತಾ ವೃತ್ತದಲ್ಲಿ ಕುಳಿತಿದ್ದೆವು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಾಗಿಲು ತೆರೆಯಿತು. ಹಾಡು ಅಲ್ಲಿಗೇ ನಿಂತಿತು. ಯಜಮಾನಿ ಸೊಂಟಕ್ಕೆ ಕೈಯಿಟ್ಟು ಕೋಣೆ ಇಡೀ ನೋಡಿದರು. ನೆಲದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ವಸ್ತು: ಒಂದು ಕಡೆ ನೀರು, ಒಂದು ಕಡೆ ಮಣ್ಣು, ಒಂದು ಕಡೆ ಊದುಬತ್ತಿ, ದಕ್ಷಿಣದಲ್ಲಿ ದೀಪ. ಅವರ ಕಣ್ಣು ದೀಪದ ಮೇಲೆ ನಿಂತಿತು.

"ಇದನ್ನು ಇಲ್ಲಿ ಇಟ್ಟದ್ದು ಯಾರು?"

ಅಕ್ಕ ಎದ್ದು ನಿಂತು, "ನಾನು. ದಕ್ಷಿಣ ಬೆಂಕಿಯ ದಿಕ್ಕು" ಎಂದಳು.

"ಯಾರು ಹೇಳಿದ್ದು? ದಕ್ಷಿಣ ಯಮನ ದಿಕ್ಕು. ನನ್ನ ಮನೆಯಲ್ಲಿ ಯಮನಿಗೆ ದೀಪ ಹಚ್ಚಿ ಕೂತಿದ್ದೀರಾ? ಕೆಳಗೆ ಮಲಗುವವಳು ನಾನು!"

ಅಕ್ಕ ಸುಲಭಕ್ಕೆ ಬಿಡುವವಳಲ್ಲ. "ನಮ್ಮಲ್ಲಿ ಸೂರ್ಯ ದಕ್ಷಿಣದಲ್ಲಿ ಇರುತ್ತಾನೆ, ಆದ್ದರಿಂದ..." ಎಂದು ಶುರು ಮಾಡಿದಳು. "ಅದು ನಿಮ್ಮಲ್ಲಿ. ಇದು ಕಡಿಯಾಳಿ" ಎಂದರು ಯಜಮಾನಿ. ಮನೆ ಹೋಯಿತು ಎಂದು ನಾನು ಮನಸ್ಸಿನಲ್ಲೇ ಸಾಮಾನು ಕಟ್ಟತೊಡಗಿದೆ. ಇಬ್ಬರೂ ಬೆಂಕಿಯ ದೇವರು ಎಲ್ಲಿರುತ್ತಾನೆ ಎಂದು ವಾದಿಸಿದರು. ಕೊನೆಗೆ ಯಜಮಾನಿ ತಾವೇ ಬಗ್ಗಿ ದೀಪ ಎತ್ತಿ, ದಕ್ಷಿಣದಿಂದ ಪೂರ್ವದ ಕಡೆ ಸರಿಸಿ, ಆಗ್ನೇಯ ಮೂಲೆಯಲ್ಲಿಟ್ಟರು. "ಅಗ್ನಿ ಇರುವುದು ಇಲ್ಲಿ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಪೂಜೆಗೆ ಕೂತರೆ ಊರಿನವರು ಮಾಟ ಅನ್ನದೆ ಮತ್ತೆ ಎಂತ ಅಂತಾರೆ?"

ಕೆಳಗೆ ಹೋದರು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಂತೆ ಮತ್ತೆ ಹೆಜ್ಜೆ. ಈ ಸಲ ಅವರ ಕಂಕುಳಲ್ಲಿ ಒಂದು ಚಾಪೆ ಇತ್ತು. ನನ್ನ ಪಕ್ಕ ಹಾಸಿ ಕುಳಿತು, "ನಿಲ್ಲಿಸಿದ್ದು ಯಾಕೆ? ಹಾಡಿ. ಸ್ವಲ್ಪ ಜೋರಾಗಿ. ಪಕ್ಕದ ಮನೆಯವರಿಗೆ ಸರಿ ಕೇಳುವುದಿಲ್ಲವಂತೆ" ಎಂದರು.

ಕಾಪುವಿನ ತೆನೆ

ನಮ್ಮ ಹೊಸಬರಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವಳು ಒಬ್ಬ ನರ್ಸ್. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯವಳು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ನಾನು ಚರ್ಚು ಬಿಟ್ಟಿಲ್ಲ, ಬಿಡುವುದೂ ಇಲ್ಲ. ನನಗೆ ನಿಮ್ಮ ಹಾಡು ಇಷ್ಟ, ಅಷ್ಟೇ. ಮನೆಯಲ್ಲಿ ಗೊತ್ತಾದರೆ ಮಾತ್ರ ನನ್ನ ಕಥೆ ಮುಗೀತು" ಎಂದಿದ್ದಳು. ಫೋಟೋ ತೆಗೆದರೆ ಬೆನ್ನು ತಿರುಗಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಹಗಲು ಇರುಳು ಸಮವಾಗುವ ದಿನ ಅವರಿಗೆ ಸುಗ್ಗಿಯ ಹಬ್ಬ. ಕಾಪುವಿನ ಕಡಲ ತೀರಕ್ಕೆ ಹೋದೆವು. ದೀಪಸ್ತಂಭದಿಂದ ಸ್ವಲ್ಪ ದೂರ, ಮರಳಿನ ಮೇಲೆ ಹೂ ಹರಡಿ, ನಡುವೆ ಹೊಸ ಭತ್ತದ ತೆನೆ ಇಟ್ಟು, ಮುಳುಗುವ ಸೂರ್ಯನಿಗೆ ಮುಖ ಮಾಡಿ ನಿಂತೆವು. ನರ್ಸ್ ಕಪ್ಪು ಕನ್ನಡಕ ಹಾಕಿ, ದುಪಟ್ಟಾದಲ್ಲಿ ತಲೆ ಮುಚ್ಚಿಕೊಂಡಿದ್ದಳು.

ಹಾಡು ಅರ್ಧಕ್ಕೆ ಬಂದಾಗ ಅವಳು ತಟ್ಟನೆ ನನ್ನ ಕೈ ಬಿಟ್ಟಳು. "ಮಾವ್ಶಿ" ಎಂದಳು. ಅವಳ ಚಿಕ್ಕಮ್ಮ! ಚರ್ಚಿನ ಹೆಂಗಸರ ಪಿಕ್‌ನಿಕ್ ಬಂದಿತ್ತು. ಅವರಲ್ಲಿ ಒಬ್ಬರು, ಬಿಳಿ ಕೊಡೆ ಹಿಡಿದವರು, ನೇರ ನಮ್ಮ ಕಡೆಗೇ ನಡೆದು ಬರುತ್ತಿದ್ದರು. ನರ್ಸ್ ಸರಕ್ಕನೆ ಹಲ್ಲಿನ ಡಾಕ್ಟರರ ಹಿಂದೆ ಅಡಗಿದಳು. ಅವರ ಹಿಂದೆ ಒಂದು ಕೊಡೆಯನ್ನೂ ಅಡಗಿಸಲಿಕ್ಕೆ ಆಗುವುದಿಲ್ಲ.

ಚಿಕ್ಕಮ್ಮ ವೃತ್ತದ ಅಂಚಿಗೆ ಬಂದು ನಿಂತರು. ಹೂ ನೋಡಿದರು, ತೆನೆ ನೋಡಿದರು, ಡಾಕ್ಟರರ ಎರಡೂ ಪಕ್ಕ ಕಾಣುತ್ತಿದ್ದ ದುಪಟ್ಟಾ ನೋಡಿದರು. "ಈಚೆ ಬಾ" ಎಂದರು. ನರ್ಸ್ ಬಂದಳು. ಕಪ್ಪು ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿಯುತ್ತಿತ್ತು. ನಾನು ಏನಾದರೂ ಹೇಳಬೇಕೆಂದು ತಡಕಾಡಿದೆ. "ಅಮ್ಮಾ, ಇದು ಹೊಸ ಬೆಳೆಗೆ ಧನ್ಯವಾದ ಹೇಳುವುದು, ಅಷ್ಟೇ. ಬೇರೆ ಎಂತ ಇಲ್ಲ."

"ಅದು ಕಾಣ್ತದೆ. ಹೂವುಂಟು, ಹೊಸ ತೆನೆ ಉಂಟು. ಇದು ನಮ್ಮ ತೆನೆ ಹಬ್ಬ ಅಲ್ವಾ?" ಎಂದರು. ಅವರ ಚರ್ಚಿನಲ್ಲೂ ಕನ್ಯಾಮರಿಯಮ್ಮನ ಹುಟ್ಟುಹಬ್ಬಕ್ಕೆ ಮಕ್ಕಳು ಹೂ ಹಾಕುತ್ತಾರೆ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ. ಸೆಪ್ಟೆಂಬರಿನಲ್ಲೇ. ಆದರೆ ಚಿಕ್ಕಮ್ಮನ ಸಿಟ್ಟು ಇಳಿದಿರಲಿಲ್ಲ. ಅಕ್ಕನ ಕಡೆ ತಿರುಗಿದರು.

"ಹಬ್ಬ ಕಳೆದು ಎರಡು ವಾರ ಆಯ್ತು. ಈಗ ಮಾಡುವುದಾ? ನಿಮ್ಮ ಪಾದ್ರಿ ಇಷ್ಟು ದಿನ ಮಲಗಿದ್ರಾ?"

ಕಾಟು ಮಾವು

ಇದು ಕಾರ್ಕಳದ್ದು. ಊರ ಹೊರಗೆ ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಕಾಟು ಮಾವಿನ ಮರ ಇತ್ತು, ಕಾಡುಮಾವು. ರಸ್ತೆ ಅಗಲ ಮಾಡಲು ಕಡಿಯುತ್ತಾರೆ ಎಂದು ಅದರ ಬುಡಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಅಕ್ಕ ಅದನ್ನು ನೋಡಿ ಊಟ ಬಿಟ್ಟವಳ ಹಾಗಾದಳು. "ಕಡಿಯುವುದನ್ನು ತಡೆಯಲಿಕ್ಕೆ ನಮ್ಮಿಂದ ಆಗುವುದಿಲ್ಲ. ಒಮ್ಮೆ ವಸಂತದ ಹಬ್ಬವನ್ನು ಅದರ ಜೊತೆ ಮಾಡೋಣ" ಎಂದಳು.

ಒಂದು ಮುಂಜಾನೆ ಮಂಜು ಆರುವ ಮೊದಲು ಹೋದೆವು. ಹಬ್ಬವೆಂದು ಅಕ್ಕ ಬಿಳಿ ಉಡುಪು ಉಟ್ಟು, ಕನ್ನಡಕ ತೆಗೆದಿಟ್ಟು, ಹೊಂಬಣ್ಣದ ಕೂದಲು ಸೊಂಟದವರೆಗೆ ಬಿಟ್ಟಿದ್ದಳು. ಕೊಂಬೆಗಳಿಗೆ ಬಣ್ಣಬಣ್ಣದ ರಿಬ್ಬನ್ ಕಟ್ಟಿದಳು. ದೂರದಲ್ಲಿ ಯಾರೋ ಸೈಕಲಿನಲ್ಲಿ ಬಂದ ಹಾಗಾಯಿತು. ಜಗಳ ಬೇಡವೆಂದು ಎಲ್ಲರೂ ಬೇಗ ಬೇಗ ನನ್ನ ಕಾರು ಹತ್ತಿದೆವು.

ಕೆಲವು ವಾರ ಕಳೆದ ಮೇಲೆ ಪುಣೆಯವಳ ಫೋನು ಬಂತು. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗಿದ್ದಳಂತೆ. "ಟೀಚರ್, ಮರದ ಹತ್ತಿರ ತುಂಬಾ ಜನ. ರಿಬ್ಬನ್ ತೋರಿಸಿ ತೋರಿಸಿ ಏನೋ ಮಾತಾಡ್ತಾ ಇದ್ದಾರೆ. ಪೊಲೀಸ್ ಜೀಪೂ ಉಂಟು."

ದೂರು ಹೋದರೆ ಅಕ್ಕನ ವೀಸಾ ಏನಾಗಬೇಕು? ಅಕ್ಕನಿಗೆ ವಿಷಯ ಹೇಳಿ, ಹೋಗುವುದು ಬೇಡ ಎಂದೆ. ಅವಳು ಕೇಳಲಿಲ್ಲ. "ಕಟ್ಟಿದವಳು ನಾನು. ಬೇರೆ ಯಾರಿಗೋ ಬೈಗಳು ಬೀಳಬಾರದು." ಬಿಸಿಲಿಗೆ ತಲೆಗೆ ಬಟ್ಟೆ ಬಿಗಿದು, ಮೇಲೆ ಟೊಪ್ಪಿ ಇಟ್ಟು, ಕನ್ನಡಕ ಏರಿಸಿ ಹೊರಟಳು. ಮಣಿಪಾಲದಿಂದ ಕಾರ್ಕಳದವರೆಗೂ ಕಾರಿನಲ್ಲಿ ಒಂದೇ ವಾಕ್ಯ ಉರು ಹಾಕಿದಳು: "ಈ ರಿಬ್ಬನ್ ಕಟ್ಟಿದವಳು ನಾನು. ದಯವಿಟ್ಟು ಕ್ಷಮಿಸಿ."

ಅಲ್ಲಿ ಶಾಮಿಯಾನ ಹಾಕಿತ್ತು. ಮರದ ಬುಡದಲ್ಲಿ ದೀಪ, ಅರಸಿನ, ಕುಂಕುಮ. ಕೆಂಪು ಗುರುತಿನ ಮೇಲೆ ಹೂಮಾಲೆ. ಜೀಪಿನ ಪೊಲೀಸರು ಬರಿಗಾಲಿನಲ್ಲಿ ನಿಂತು ಪ್ರಸಾದ ತಿನ್ನುತ್ತಿದ್ದರು. ಹೆಗಲಿಗೆ ಶಾಲು ಹಾಕಿದ ಒಬ್ಬರು ನಮ್ಮನ್ನು ತಡೆದರು.

"ಚಪ್ಪಲಿ ಆಚೆ ಬಿಡಿ. ಹೊಸಬರಾ? ಬನ್ನಿ ಬನ್ನಿ, ಹೆದರಬೇಡಿ. ನಾನು ಸಮಿತಿಯ ಅಧ್ಯಕ್ಷ."

ನಮ್ಮನ್ನು ನೆರಳಿನಲ್ಲಿ ಕೂರಿಸಿ, ಪಾನಕ ಕೊಟ್ಟು, ಕಥೆ ಹೇಳಿದರು. ವನದೇವಿ ಪ್ರತ್ಯಕ್ಷಳಾಗಿದ್ದಾಳೆ. ಮುಂಜಾನೆ ಮಂಜಿನೊಳಗಿಂದ ಬಂದು, ತನ್ನ ಕೈಯಿಂದಲೇ ಮರಕ್ಕೆ ಪಟ್ಟಿ ಕಟ್ಟಿ, ನೋಡನೋಡುತ್ತಲೇ ಮಾಯವಾದಳು. ಮರ ಕಡಿಯಲು ಬಂದವರು ವಿಷಯ ಕೇಳಿ ಗರಗಸ ಮುಟ್ಟದೆ ತಿರುಗಿ ಹೋದರು. ಈಗ ರಸ್ತೆಯನ್ನೇ ಆಚೆಗೆ ಸರಿಸುವುದಂತೆ.

ಅಕ್ಕ ತಟ್ಟನೆ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು.

"ಈ ರಿಬ್ಬನ್ ಕಟ್ಟಿದ..."

ನಾನು ಅವಳ ಕಾಲನ್ನು ಬಲವಾಗಿ ಮೆಟ್ಟಿದೆ. ಅವಳು ನನ್ನನ್ನು ನೋಡಿದಳು, ಮರವನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಮೇಲೆ ಗೊಂಚಲು ಗೊಂಚಲು ಮಾವು ತೂಗುತ್ತಿತ್ತು. ಸಭೆಯೆಲ್ಲ ಅವಳ ಬಾಯಿಯನ್ನೇ ಕಾಯುತ್ತಿತ್ತು.

"...ಕಟ್ಟಿದ ದೇವಿ," ಎಂದಳು, "ಹೇಗಿದ್ದಳು? ನೋಡಿದವರು ಯಾರು?"

"ನಾನೇ! ಡೈರಿಗೆ ಹಾಲು ಕೊಂಡುಹೋಗುವಾಗ ಈ ಎರಡು ಕಣ್ಣಿನಿಂದ ನೋಡಿದ್ದು. ಇಲ್ಲಿಂದ ಅಲ್ಲಿಗೆ, ಅಷ್ಟೇ ದೂರ. ಈಗ ಎದುರು ಬಂದರೂ ಗುರುತು ಹಿಡಿಯುತ್ತೇನೆ" ಎಂದರು ಅಧ್ಯಕ್ಷರು.

ಅಕ್ಕ ಅಲುಗಾಡದೆ ನಿಂತಳು. ಅಧ್ಯಕ್ಷರು ಅವಳನ್ನು ಟೊಪ್ಪಿಯಿಂದ ಬರಿಗಾಲಿನವರೆಗೆ ಒಮ್ಮೆ ನಿಧಾನವಾಗಿ ನೋಡಿದರು. ಮತ್ತೆ, ದೂರದಿಂದ ಬಂದ ಹೊಸಬರ ಮನಸ್ಸು ನೋಯಬಾರದೆಂದು ಧ್ವನಿ ಮೆತ್ತಗೆ ಮಾಡಿ ಹೇಳಿದರು:

"ನಿಮ್ಮ ಹಾಗೆ ಅಲ್ಲ ಮಾರಾಯ್ರೆ. ತುಂಬಾ ಚೆಂದ ಇದ್ದಳು."