ಮಂಚದ ಮೇಲಿನ ಎರಡು ಗಿಟಾರು

ಸಂಸಾರ ಅಂದಮೇಲೆ ಒಂದಲ್ಲ ಒಂದು ತಾಪತ್ರಯ ಇದ್ದದ್ದೇ. ನಮ್ಮನೆಗೆ ಬರೋ ತಾಪತ್ರಯ ಮಾತ್ರ ನೆಟ್ಟಗೆ ನನ್ನ ಮಂಚ ಹತ್ತಿ ಮಲಗ್ತದೆ.

ಮೊಮ್ಮಗ ಮದ್ದೂರು, ಮಂಡ್ಯ ಕಡೆ ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ಬಾರಿಸ್ತಾನೆ. ಅವನ ಹತ್ರ ಎರಡಿವೆ, ಒಂದು ಕರೀದು, ಒಂದು ಕೆಂಪು. ನೆಲದ ಮೇಲಿಟ್ಟರೆ ಥಂಡಿ ಹಿಡೀತದಂತೆ, ಗೋಡೆಗೆ ಒರಗಿಸಿದರೆ ಕತ್ತು ಸೊಟ್ಟಗಾಗ್ತದಂತೆ. ಅದಕ್ಕೇ ಅವು ಮಂಚದ ಮೇಲೆ, ನಾನು ಚಾಪೆ ಮೇಲೆ. ಬೆಳಗ್ಗೆ ಮಂಡಿ ಹಿಡಿದು ಏಳುವಾಗ ಊರ ದೇವರನ್ನೆಲ್ಲ ಕರೀತೀನಿ.

ಒಂದು ದಿನ ಅವನ ಹೆಂಡತಿಯೇ ತೀರ್ಮಾನ ಹೇಳಿದಳು: "ಒಂದ್ನ ಮಡೀಕಳಿ, ಇನ್ನೊಂದ್ನ ಮಾರ್ಬುಡಿ. ಅಜ್ಜಿ ಪಾಪ, ಕಾಲು ಮಡಚ್ಕೊಂಡಾದ್ರೂ ಮಂಚದ ಮೇಲೆ ಮಲಗ್ಲಿ."

ಪರೀಕ್ಷೆ

ಯಾವುದನ್ನ ಮಾರೋದು ಅಂತ ಅವನಿಗೆ ತಿಳೀಲಿಲ್ಲ. ನನ್ನ ಕೂರಿಸಿ, "ಕಣ್ಮುಚ್ಕೊ ಅಜ್ಜಿ. ಎರಡೂ ಬಾರಿಸ್ತೀನಿ, ಯಾವ್ದು ಚೆಂದಾಗದೆ ಯೋಳು" ಅಂದ.

ಒಂದು ಢುಂ ಅಂತು. ಇನ್ನೊಂದೂ ಢುಂ ಅಂತು. ಆಮೇಲಿನ ಢುಂ ನಂಗೆ ಗೊತ್ತಿಲ್ಲ, ನಿದ್ದೆ ಹೋಗಿದ್ದೆ.

ಎದ್ದಾಗ ಅವನ ಮುಖ ಸಪ್ಪಗಿತ್ತು. "ಕರೀದಕ್ಕೆ ಗೊರಕೆ ಒಡ್ದೆ ಕಣಜ್ಜಿ. ಅದ್ನೇ ಮಾರ್ತೀನಿ."

ಒಳಗಿಂದ ಹೆಂಡತಿ ಕೂಗಿದಳು: "ಅದ್ನ ಮಡೀಕಳಿ! ನಿಮ್ ಸಂಗೀತದಿಂದ ಈ ಮನೇಲಿ ಯಾರ್ಗಾದ್ರೂ ಉಪ್ಕಾರ ಆಗಿದ್ರೆ ಅದೊಂದ್ರಿಂದ್ಲೇ!"

ನೋಡೋಕೆ ಬಂದವರು

ಸರಿ, ಕೆಂಪು ಮಾರೋದು ಅಂತಾಯ್ತು. ಮಳವಳ್ಳಿಯಿಂದ ಒಬ್ಬ ಯುವಕ ಬಂದ, ಜೊತೆಗೆ ಅವನ ಸೋದರಮಾವ. ಮಾವ ದನದ ವ್ಯಾಪಾರದಲ್ಲಿ ಪಳಗಿದೋರು. ಗಿಟಾರು ಬೋರಲು ಹಾಕಿ, ಬೆನ್ನು ಸವರಿ, ಹಸಕ್ಕೆ ನೋಡೋ ಹಾಗೆ ಸುಳಿ ಹುಡುಕಿದರು. "ಐಬು ಏನಾರ ಅದಾ?" ಅಂದರು.

ನಮ್ಮವನು ಶುರುಮಾಡಿದ: "ಕತ್ತು ವಸಿ ಸೊಟ್ಟ. ಮಳೆಗಾಲದಲ್ಲಿ ಸ್ವರ ಜಾರ್ತದೆ. ಒಂದೊಂದ್ಸಲ ಸುಮ್ಸುಮ್ಕೆ ಗುಯ್ ಅಂತದೆ."

ಮಾವ ಉಪ್ಪಿಟ್ಟು ಮುಗಿಸಿ, ಕಾಫಿ ಕುಡಿದು, "ಬಲೇ ನಿಯತ್ತಿನ ಹುಡುಗ ಕಣಮ್ಮ" ಅಂತ ನನಗೆ ಹೇಳಿ ಎದ್ದೇ ಹೋದರು.

ತಟ್ಟೆ ಎತ್ತುತ್ತಾ ಹೆಂಡತಿ ಅಂದಳು: "ನನ್ನ ನೋಡಕ್ಕೆ ಬಂದಾಗ ನಿಮ್ ಐಬು ಒಂದ್ನೂ ಯೋಳ್ಲಿಲ್ವಲ್ಲ?"

ಹಗ್ಗ

ಆ ಯುವಕ ಆಮೇಲೆ ಮಾವನ್ನ ಬಿಟ್ಟು ಒಬ್ಬನೇ ಬಂದ. ಐಬಿದ್ದರೂ ಬೇಕಂತೆ. ಮೊಮ್ಮಗ "ನೀನೇ ಕೊಟ್ಬುಡಜ್ಜಿ, ನಾ ನೋಡ್ನಾರೆ" ಅಂತ ಬಾಗಿಲ ಹಿಂದೆ ನಿಂತ.

ಗಿಟಾರಿಗೆ ಹೆಗಲಿಗೆ ಹಾಕೋ ಬೆಲ್ಟಿತ್ತು. ಅದನ್ನ ಬಿಚ್ಚಿ, ಹಸ ಕಟ್ಟೋ ಹಗ್ಗದ ಮೊಳೆಗೆ ನೇತು ಹಾಕಿದೆ.

"ಅಜ್ಜಿ, ಬೆಲ್ಟು?" ಅಂದ ಆ ಯುವಕ.

"ಹಸ ಮಾರಿದ್ರೂ ಹಗ್ಗ ಕೊಡಾಕಿಲ್ಲ ಕಣಪ್ಪ. ಹಗ್ಗ ಮನೇಲಿದ್ರೆ ಇನ್ನೊಂದು ಹಸ ತಾನಾಗೇ ಬತ್ತದೆ."

ದನದ ವ್ಯಾಪಾರದ ಮನೆ ಹುಡುಗ, ಆ ಪದ್ಧತಿ ಅವನಿಗೂ ಗೊತ್ತು. ಎಳೆಗರು ಎತ್ತಿಕೊಂಡ ಹಾಗೆ ಗಿಟಾರು ಎದೆಗೆ ಅವುಚಿಕೊಂಡು ಬಸ್ಸು ಹತ್ತಿದ.

ನಾನು ಕರೀದರ ಪಕ್ಕ ಮಂಚದ ಮೇಲೆ ಮೈ ಚಾಚಿದೆ. ಎಂಥ ಸುಖ! ಮೊಮ್ಮಗ ಮಾತ್ರ ಹೋಗ್ತಾ ಬರ್ತಾ ಆ ಬೆಲ್ಟು ನೋಡೋನು.

ಮೊನ್ನೆ ಮಂಡ್ಯದಿಂದ ಬಂದಾಗ ಅವನ ಬೆನ್ನ ಮೇಲೊಂದು ಉದ್ದನೆ ಚೀಲ. ಬಿಚ್ಚಿದರೆ ನೀಲಿ ಗಿಟಾರು, ಕೆಂಪಿಗಿಂತ ಒಂದು ಗೇಣು ಉದ್ದ.

"ಏನ್ಲಾ ಇದು?"

ಮೊಳೆಯಿಂದ ಬೆಲ್ಟು ತೆಗೆದು ಅದಕ್ಕೆ ಸಿಕ್ಕಿಸುತ್ತಾ ಅಂದ: "ನೀ ಯೋಳಿದ್ದು ದಿಟ ಕಣಜ್ಜಿ. ತಾನಾಗೇ ಬಂತು."

ಅವನ ಹೆಂಡತಿ ಈ ಸಲ ಅವನನ್ನ ನೋಡಲಿಲ್ಲ, ನನ್ನನ್ನ ನೋಡಿದಳು. ನಾನು ಚಾಪೆ ಕೊಡವಿದೆ.