ನನ್ನ ಮುಖದಲ್ಲಿ ಕಂಡ ಕಾಲ

ನಾನು ಸತ್ತಿರಲಿಲ್ಲ. ಫೋಟೋ ದೊಡ್ಡದಾಗಿತ್ತು, ಅಷ್ಟೇ. ಆದರೂ ಗೋಕಾಕದಲ್ಲಿ ನನ್ನನ್ನು ಸಾಯಿಸಿದವನು ನನ್ನ ಸ್ವಂತ ಮೈದುನ. ಹುಕ್ಕೇರಿಯ ನಮ್ಮ ಮನೆಯಲ್ಲಿ ದಿನಾ ನನ್ನ ಕೈಯ ರೊಟ್ಟಿ ತಿನ್ನುವವನು!

ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವ ಈ ಮನುಷ್ಯನ ಕಣ್ಣಿಗೆ ಮದುಮಗಳು ಬೀಳುವುದಿಲ್ಲ. ಮೂಲೆಯಲ್ಲಿ ಎಲೆಅಡಿಕೆ ಜಗಿಯುವ ಮುದುಕಿಯರೇ ಬೇಕು. ಒಮ್ಮೆ ಬೀಗರು ಆಲ್ಬಂ ತೆರೆದರೆ ಬರೀ ಸುಕ್ಕು! ಮದುಮಗನನ್ನು ಕೈಗಡಿಯಾರ ನೋಡಿ ಗುರುತಿಸಬೇಕಾಯಿತು.

ಪ್ರತಿ ಯುಗಾದಿಗೆ ಅತ್ತಿಗೆಯಾದ ನನ್ನ ಸರದಿ. ಎಣ್ಣೆ ಹಚ್ಚಬಾರದು, ಬಾಚಬಾರದು, ನಗಬಾರದು. ಇದೇನು ಫೋಟೋವೋ, ಶಿಕ್ಷೆಯೋ?

"ವೈನಿ, ಕಾಲ ಕಾಣಬೇಕ್ರಿ," ಎಂದ.

ನಾನು ಸೀರೆ ತುಸು ಮೇಲೆತ್ತಿ ಕಾಲು ಚಾಚಿದೆ.

"ಆ ಕಾಲ ಅಲ್ರಿ! ಹೋದ ಹೊತ್ತು, ಹೋದ ವರ್ಷ... ಅದು ನಿಮ್ಮ ಮುಖದಾಗ ಐತಿ."

"ನನ್ನ ಮುಖದಾಗ ಕಾಲ ಐತಿ? ಒಂದ ಒದ್ದರ ಗೊತ್ತಾಗತೈತಿ, ಎಲ್ಲೈತಿ ಅಂತ!"

ಆ ಮುಖವನ್ನೇ ಬಾಗಿಲಿನಷ್ಟು ದೊಡ್ಡದು ಮಾಡಿ, ಕಪ್ಪು ಕಟ್ಟು ಹಾಕಿಸಿ, ಗೋಕಾಕದ ಪ್ರದರ್ಶನದಲ್ಲಿ ತೂಗುಹಾಕಿದ. ನಮ್ಮ ಕಡೆ ಮುದುಕಿಯ ಒಂಟಿ ಮುಖ ಹಾಗೆ ಗೋಡೆ ಏರುವುದು ಯಾವಾಗ? ಅದರ ಮೇಲೆ ಹಾರ ಬೀಳುವಾಗ! ಪೇಟೆಗೆ ಬಂದಿದ್ದ ಮೂಡಲಗಿಯ ನನ್ನ ತಂಗಿ ಅದನ್ನು ನೋಡಿದಳು. ಸೇವಂತಿಗೆ ಹಾರ ಕೊಂಡು ಸೀದಾ ಹುಕ್ಕೇರಿ ಬಸ್ಸು ಹತ್ತಿದಳು. ಅಂಗಳದಿಂದಲೇ ಅಳು ಶುರು.

ಜೋಳ ಹಸನು ಮಾಡುತ್ತಿದ್ದ ನಾನು ಹೊರಗೆ ಬಂದು ಕೇಳಿದೆ: "ಯಾರ ಹೋದ್ರು?"

"ನೀನ, ಅಕ್ಕಾ!" ಎಂದು ಅತ್ತವಳು, ನನ್ನ ಮುಖ ನೋಡಿ ಚಿಟ್ಟನೆ ಚೀರಿದಳು.

"ಒಂದ ಫೋನ್ ಮಾಡಬಾರದಿತ್ತೇನ?"

"ಸತ್ತಾಕಿಗೆ ಯಾರ ಫೋನ್ ಮಾಡ್ತಾರ!"

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ಅಕಿ ಇನ್ನೂ ಹೋಗಿಲ್ಲವ್ವಾ. ಕುಂದ್ರು, ಚಹಾ ಮಾಡ್ತಾಳ."

ಸಂಜೆ ಮೈದುನ ಬಂದ. "ಇನ್ನ ಮ್ಯಾಲೆ ನನ್ನ ಫೋಟೋ ತಗದ್ರ, ಕ್ಯಾಮೆರಾ ಬಾವ್ಯಾಗ ಒಗೀತೇನಿ ನೋಡು," ಎಂದೆ. ಅವನು ಕ್ಯಾಮೆರಾ ಚೀಲದ ಜಿಪ್ಪು ಎಳೆದು ಮುಚ್ಚಿದ.

"ಆತ್ರಿ ವೈನಿ. ನಮ್ಮವ್ವಂದು ಒಂದೂ ಫೋಟೋ ಇಲ್ಲ. ಅಕಿ ಮುಖ ನೆನಪ ಮಾಡಕೊಳ್ಳಾಕ ಹೋದ್ರ, ನಿಮ್ಮದ ಬರತೈತಿ."

ತಾಯಿ ಸತ್ತಾಗ ಅವನಿಗೆ ಚಡ್ಡಿಯ ಲಾಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಕಟ್ಟುತ್ತಿದ್ದವಳು ನಾನು. ರೊಟ್ಟಿ ಬಡಿಸಿದೆ.

ಮರುದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿ, ತಂಗಿ ತಂದ ಹಾರ ಹರಿದು ಸೇವಂತಿಗೆ ಮುಡಿದೆ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಅವನನ್ನು ಕೂಗಿದೆ: "ಬಾ, ತಗಿ."