ಆರನೆಯ ನಿಯಮವೂ ಮಾವನ ಮೀಸೆಯೂ

"ಈ ಚಳಿಗಾಲ ನನ್ನ ಮೂಗು ನನ್ನ ಮಾತು ಮಾತ್ರ ಕೇಳುತ್ತೆ. ಬೇರೆ ಯಾರ ಉಪದೇಶಾನೂ ಕೇಳಲ್ಲ!"

ಬಾಚಣಿಗೆ ಎತ್ತಿ ಹಿಡಿದು ಕತ್ತರಿಯಣ್ಣ ಈ ರಾಜಾಜ್ಞೆ ಹೊರಡಿಸಿದಾಗ ಅವನ ಸೆಲೂನಿನಲ್ಲಿದ್ದ ಪ್ರಜೆಗಳು ಇಬ್ಬರೇ. ಒಬ್ಬ, ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕುರ್ಚಿಯಲ್ಲಿ ಕುಳಿತಿದ್ದ ಗಿರಾಕಿ. ಇನ್ನೊಬ್ಬಳು, ಸುರುಳಿ ಸುತ್ತಿದ ಪೋಸ್ಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ. ಗಿರಾಕಿ ಬಾಯಿ ಬಿಡುವಂತಿರಲಿಲ್ಲ, ಹೆಂಡತಿ ಬಾಯಿ ಮುಚ್ಚುವಂತಿರಲಿಲ್ಲ.

ಆಕೆ ಎದುರಿನ ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ನರ್ಸಮ್ಮ. ಪ್ರತಿ ವರ್ಷ ಮೊದಲ ಚಳಿಗಾಳಿ ಬೀಸಿದ ದಿನವೇ ಮನೆಯಲ್ಲಿ ಆಕೆಯ ಆರೋಗ್ಯ ಪಾಠ ಶುರುವಾಗುತ್ತಿತ್ತು. ಈ ವರ್ಷ ಆಸ್ಪತ್ರೆಯವರು ಆ ಪಾಠವನ್ನು ಅಚ್ಚು ಹಾಕಿಸಿಯೂ ಬಿಟ್ಟಿದ್ದರು. ಒಟ್ಟು ಒಂಬತ್ತು ನಿಯಮ! ಬೆಚ್ಚಗಿನ ನೀರು ಕುಡಿಯಿರಿ, ಕಿವಿ ಕುತ್ತಿಗೆ ಮುಚ್ಚಿಕೊಳ್ಳಿ, ಬೆಳಗಿನ ಬಿಸಿಲಿಗೆ ಮೈಯೊಡ್ಡಿ, ಹೀಗೆ. ಔಷಧದಂಗಡಿಗೆ ಅಂಟಿಸಿದ್ದಾಯಿತು, ಅಂಚೆ ಕಚೇರಿಗೆ ಅಂಟಿಸಿದ್ದಾಯಿತು, ತಮ್ಮ ಮನೆಯ ಬಚ್ಚಲಿನ ಬಾಗಿಲಿಗೂ ಒಂದನ್ನು ಅಂಟಿಸಿದ್ದಾಯಿತು. ಉಳಿದದ್ದು ಗಂಡನ ಸೆಲೂನಿನ ಕನ್ನಡಿ.

"ರೀ, ಜನ ಇಲ್ಲಿ ಅರ್ಧ ಗಂಟೆ ಕನ್ನಡೀನೇ ನೋಡ್ತಾ ಕೂತಿರ್ತಾರೆ. ನಡುಮಧ್ಯೆ ಅಂಟಿಸಿದ್ರೆ ಒಂಬತ್ತೂ ಬಾಯಿಪಾಠ ಆಗಿಬಿಡುತ್ತೆ."

"ನಡುಮಧ್ಯೆ ಅಂಟಿಸಿದ್ರೆ ಗಿರಾಕಿಗೆ ಮುಖ ಎಲ್ಲಿ ಕಾಣುತ್ತೆ? ಆ ಕಡೆ ಒಂದು ಕಿವಿ, ಈ ಕಡೆ ಒಂದು ಕಿವಿ!"

"ಹೋಗ್ಲಿ, ನೀವಾದ್ರೂ ಒಂದು ಮಫ್ಲರ್ ಸುತ್ಕೊಳ್ಳಿ. ಹೋದ ವರ್ಷ ನೀವು ಸೀನಿದ್ರೆ ಆಸ್ಪತ್ರೇಲಿ ಮಲಗಿದ್ದ ರೋಗಿಗಳು ಎದ್ದು ಕೂರ್ತಿದ್ರು."

"ನೆಗಡಿ ಬರೋದು ಹೆದರೋರಿಗೆ! ನನಗಲ್ಲ!"

ಆ ಕನ್ನಡಿಯ ವಿಷಯದಲ್ಲಿ ಕತ್ತರಿಯಣ್ಣ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ಗೋಡೆಯಿಂದ ಗೋಡೆಗೆ ಚಾಚಿದ ಕನ್ನಡಿ ಅದು. ಬೆಳಿಗ್ಗೆ ಹಳೆಯ ಪೇಪರು ಒದ್ದೆ ಮಾಡಿ ತಾನೇ ಒರೆಸುತ್ತಿದ್ದ, ಬೇರೆಯವರಿಗೆ ಬೆರಳು ಮುಟ್ಟಿಸಲೂ ಬಿಡುತ್ತಿರಲಿಲ್ಲ. ಅದರ ಮೇಲೆ ಒಂದು ಕ್ಯಾಲೆಂಡರ್ ಇಲ್ಲ, ಒಂದು ನಟನ ಚಿತ್ರವಿಲ್ಲ. ಮನೆಯಲ್ಲಿ ಹೆಂಡತಿಯ ಆಳ್ವಿಕೆ, ಸರಿ. ಈ ಕನ್ನಡಿಯಾದರೂ ತನ್ನ ಪಾಲಿಗೆ ಉಳಿಯಬೇಡವೇ? ಕೊನೆಗೆ ಗಿರಾಕಿಯ ನೊರೆ ಸಾಕ್ಷಿಯಾಗಿ ಪಂಥ ಕಟ್ಟಿಯೇ ಬಿಟ್ಟರು. ಚಳಿಗಾಲ ಮುಗಿಯುವವರೆಗೆ ಕತ್ತರಿಯಣ್ಣನಿಗೆ ನೆಗಡಿ ಬರದಿದ್ದರೆ ನರ್ಸಮ್ಮ ಇನ್ನು ಮುಂದೆ ಉಪದೇಶ ಮಾಡುವ ಹಾಗಿಲ್ಲ. ಬಂದರೆ, ಪೋಸ್ಟರ್ ಕನ್ನಡಿಯ ನಡುಮಧ್ಯೆ!

ಪಂಥ ಕಟ್ಟಿದವನು ತೆಪ್ಪಗಿರಬಹುದಿತ್ತು. ಆದರೆ ಕತ್ತರಿಯಣ್ಣನಿಗೆ ನೆಗಡಿ ಬರದಿರುವುದಷ್ಟೇ ಸಾಲದು, ಒಂಬತ್ತು ನಿಯಮಗಳನ್ನೂ ಮುರಿದರೂ ನೆಗಡಿ ಬರಬಾರದು! ಬೆಳಕು ಹರಿಯುವ ಮೊದಲೇ ತಣ್ಣೀರು ಸ್ನಾನ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಯೇ ಇರಬೇಕು. ಸೆಲೂನಿನ ಬಾಗಿಲು, ಕಿಟಕಿ ಎರಡೂ ತೆರೆದು ನಡುವೆ ಬೀಸುವ ಗಾಳಿಗೆ ಎದೆಯೊಡ್ಡಿ ಕಟಿಂಗ್. ಗಿರಾಕಿಗಳು ಹಲ್ಲು ಕಟಕಟಿಸುತ್ತ ಕುಳಿತರೆ, "ಅಲ್ಲಾಡಬೇಡಿ, ಕಿವಿ ಹೋಗುತ್ತೆ" ಎಂದು ಗದರುತ್ತಿದ್ದ.

ಹನ್ನೊಂದು ದಿನ ಈ ಪರಾಕ್ರಮ ನಡೆಯಿತು. ಹನ್ನೆರಡನೆಯ ಬೆಳಿಗ್ಗೆ ಎದ್ದು ನೋಡಿದರೆ ಮೂಗು ಕಟ್ಟಿ ಕಲ್ಲಾಗಿತ್ತು.

ಸೋಲೊಪ್ಪಿಕೊಳ್ಳುವುದೇ? ಉಂಟೇ? ಸೀನು ಬಂದಾಗಲೆಲ್ಲ ಬಚ್ಚಲಿಗೆ ಓಡಿ, ಬಾಗಿಲು ಹಾಕಿ, ನಲ್ಲಿ ಪೂರ್ತಿ ಬಿಟ್ಟು, ಆ ಸದ್ದಿನಲ್ಲಿ ಸೀನಿ ಬರುತ್ತಿದ್ದ. ಬಚ್ಚಲಿನ ಬಾಗಿಲ ಒಳಬದಿಯಲ್ಲಿದ್ದ ಪೋಸ್ಟರಿನ ಆರನೆಯ ನಿಯಮ ಸರಿಯಾಗಿ ಅವನ ಮೂಗಿನ ನೇರಕ್ಕೇ ಇತ್ತು: 'ಸೀನುವಾಗ ಮೊಣಕೈ ಮಡಚಿ ಮೂಗಿಗೆ ಅಡ್ಡ ಹಿಡಿಯಿರಿ.' ಸದ್ದು ಅಡಗಿಸಲು ಇದು ಒಳ್ಳೆಯ ಉಪಾಯವಾಗಿ ಕಂಡಿತು. ಹಿಡಿದ. ದಿನಕ್ಕೆ ಇಪ್ಪತ್ತು ಸಲದಂತೆ ನಾಲ್ಕು ದಿನ ಹಿಡಿದದ್ದರಿಂದ ಸೀನು ಬರುವ ಮೊದಲೇ ಮೊಣಕೈ ತಾನಾಗಿ ಏಳುವ ಅಭ್ಯಾಸವಾಯಿತು.

ಇನ್ನು ಮಾತಿನ ಕಷ್ಟ. ಮೂಗು ಕಟ್ಟಿದವನ ಬಾಯಲ್ಲಿ 'ಮ' ಹೋಗಿ 'ಬ' ಆಗುತ್ತದೆ, 'ನ' ಹೋಗಿ 'ದ' ಆಗುತ್ತದೆ. 'ನನಗೇನೂ ಆಗಿಲ್ಲ' ಎನ್ನಲು ಹೋದರೆ 'ದದಗೇದೂ ಆಗಿಲ್ಲ' ಎಂದು ಬಂದು, ಏನೋ ಆಗಿದೆಯೆಂದು ಸಾರಿಬಿಡುತ್ತದೆ! ಹಾಗಾಗಿ ಮನೆಯಲ್ಲಿ 'ಹೌದು', 'ಸರಿ', 'ಆಗ್ಲಿ' ಬಿಟ್ಟು ನಾಲ್ಕನೆಯ ಮಾತಿಲ್ಲ.

"ಏನ್ರೀ ಇದು, ಹೇಳಿದ್ದಕ್ಕೆಲ್ಲ ಹೌದು ಅಂತಿದ್ದೀರಿ? ಮದುವೆಯಾಗಿ ಇಷ್ಟು ವರ್ಷದಲ್ಲಿ ಇದೇ ಮೊದಲು!" ಎಂದು ನರ್ಸಮ್ಮ ಬೆರಗಾದಳು.

"ಹೌದು," ಎಂದ ಕತ್ತರಿಯಣ್ಣ.

ಐದನೆಯ ದಿನ ಬೆಳಿಗ್ಗೆ ಸೆಲೂನಿಗೆ ಮಾವ ಬಂದರು. ನರ್ಸಮ್ಮನ ತಂದೆ, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗಿಂತ ಅವರ ಮೀಸೆಯೇ ಹೆಚ್ಚು ಪ್ರಸಿದ್ಧ. ಎರಡು ಕೊನೆಗಳನ್ನೂ ಹುರಿ ಮಾಡಿ ಮೇಲಕ್ಕೆ ತಿರುಗಿಸಿದ ಆ ಮೀಸೆಯನ್ನು ಕಂಡೇ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರಂತೆ. ತಿಂಗಳಿಗೊಮ್ಮೆ ಅದರ ಅಂಚು ಸರಿ ಮಾಡಿಸುವುದು ಅಳಿಯನ ಕೈಯಲ್ಲೇ.

"ಅಳಿಯಂದ್ರೇ, ಎರಡು ಕೂದಲು ಅಷ್ಟೆ, ಜಾಸ್ತಿ ಬೇಡ," ಎಂದವರೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ, ಮರುಕ್ಷಣವೇ ಗೊರಕೆ ಶುರು ಮಾಡಿದರು.

ಕತ್ತರಿಯಣ್ಣ ಟ್ರಿಮ್ಮರ್ ಚಾಲೂ ಮಾಡಿ ಮೀಸೆಯ ಬಲ ಅಂಚಿಗೆ ತಂದ. ಆಗ ಬಂತು! ಹೊಟ್ಟೆಯಿಂದ ಹೊರಟು, ಎದೆ ದಾಟಿ, ಮೂಗಿನ ತುದಿಯಲ್ಲಿ ನಿಂತು, 'ಬರಲೇ?' ಎಂದು ಕೇಳಿತು. ಬೇಡ ಎನ್ನುವಷ್ಟರಲ್ಲಿ ಬಂದೇಬಿಟ್ಟಿತು. ಆರನೆಯ ನಿಯಮದಂತೆ ಮೊಣಕೈ ಠಣ್ಣನೆ ಮೂಗಿಗೆ ಏರಿತು. ಮೊಣಕೈ ಹೋದ ಮೇಲೆ ಅಂಗೈ ಹಿಂದೆ ಉಳಿಯುತ್ತದೆಯೇ? ಅಂಗೈಯಲ್ಲಿ ಟ್ರಿಮ್ಮರ್ ಗುಂಯ್‌ಗುಡುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ ಮೀಸೆಯ ಬಲಭಾಗ ಮಾವನ ಮಡಿಲಲ್ಲಿತ್ತು.

ಕತ್ತರಿಯಣ್ಣ ಎಡಭಾಗವನ್ನೂ ಅಷ್ಟೇ ತೆಗೆದು ಸಮ ಮಾಡೋಣವೆಂದು ತೆಗೆದ. ಮೂಗಿನ ಕೆಳಗೆ ನೊಣ ಕುಳಿತಷ್ಟು ಉಳಿಯಿತು. ಅದನ್ನು ಕೊಂಚ ಅಂದಗೊಳಿಸೋಣವೆಂದು ಬಾಗಿದ. ಇನ್ನೊಂದು ಸೀನು, ಇನ್ನೊಮ್ಮೆ ಮೊಣಕೈ! ನೊಣವೂ ಹಾರಿಹೋಯಿತು.

ಆ ಸೀನಿಗೆ ಮಾವ ಎಚ್ಚರಗೊಂಡರು. ಕನ್ನಡಿ ನೋಡಿದರು. ಹಿಂದೆ ತಿರುಗಿ ನೋಡಿದರು. ಮತ್ತೆ ಕನ್ನಡಿ ನೋಡಿದರು.

"ಅಳಿಯಂದ್ರೇ, ಇದ್ಯಾರು? ನಾನೆಲ್ಲಿ?"

"ಹೊಸ ಸ್ಟೈಲು, ಬಾವ! ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ, ಬಾವ!"

ಮೀಸೆಯ ಜೊತೆ ಮಾವನ ಸಂಬಂಧವೂ ಕಳಚಿ ಅವರು ಬಾವನಾಗಿಬಿಟ್ಟಿದ್ದರು. ಮಾವ ಬರಿದಾದ ತುಟಿ ಸವರಿಕೊಂಡರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅದನ್ನು ಕಂಡು ಕತ್ತರಿಯಣ್ಣನಿಗೂ ಸಂಕಟವಾಯಿತು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ನರ್ಸಮ್ಮ ಒಳಗೆ ಬಂದಳು.

"ಅಪ್ಪಾ! ಮೀಸೆ ಎಲ್ಲಿ?"

"ನಿನ್ನ ಗಂಡನ್ನ ಕೇಳಮ್ಮ."

ಸಂಕಟವೆಲ್ಲ ಹಾರಿ ಕತ್ತರಿಯಣ್ಣನಿಗೆ ರೋಷ ಉಕ್ಕಿತು. "ದಿದ್ದ ಆರದೇ ದಿಯಬಾದ ಕೇಳು!" ಎಂದು ಅಬ್ಬರಿಸಿದ. ನಿನ್ನ ಆರನೇ ನಿಯಮಾನ ಕೇಳು ಎಂದು ಅದರರ್ಥ. ಐದು ದಿನ ಕಾಪಾಡಿದ ಗುಟ್ಟು ಒಂದೇ ಮಾತಿಗೆ ಬಯಲಾಯಿತು. ಓದುಗರ ಅನುಕೂಲಕ್ಕಾಗಿ ಅವನ ಮುಂದಿನ ಮಾತನ್ನು ಮೂಗು ಬಿಡಿಸಿಯೇ ಬರೆಯುತ್ತೇನೆ.

"ಓಹೋ, ನೆಗಡಿ!" ಎಂದಳು ನರ್ಸಮ್ಮ.

"ಬಂದಿದೆ! ಏನೀಗ? ಮೊಣಕೈ ಅಡ್ಡ ಹಿಡೀರಿ ಅಂತ ಬರೆದೋರು ನೀವು. ಹಿಡಿದೆ! ಕೈಯಲ್ಲಿರೋದನ್ನ ಮೊದಲು ಕೆಳಗಿಡಿ ಅಂತ ಬರೆದಿದ್ರಾ? ಇಲ್ಲ! ಮೀಸೆ ಹೋಗಿದ್ದು ನನ್ನ ನೆಗಡಿಯಿಂದಲ್ಲ, ನಿಮ್ಮ ಆಸ್ಪತ್ರೆ ಉಪದೇಶದಿಂದ!"

"ಮೊದಲ್ನೇದು ಎರಡ್ನೇದು ಪಾಲಿಸಿದ್ರೆ ಆರನೇದರ ತನಕ ಹೋಗ್ಬೇಕಾಗೇ ಇರ್ಲಿಲ್ಲ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ?"

"ಅದಕ್ಕೇ ನನ್ನ ಮೀಸೆ ಕೊಯ್ದ್ರಾ ಅಳಿಯಂದ್ರೇ?" ಎಂದರು ಮಾವ.

ನರ್ಸಮ್ಮ ಆಸ್ಪತ್ರೆಗೆ ಓಡಿಹೋಗಿ ಪೋಸ್ಟರ್ ತಂದು ಸುರುಳಿ ಬಿಚ್ಚಿದಳು. ಕತ್ತರಿಯಣ್ಣ ಕನ್ನಡಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ. "ಅಂಟಿಸು! ನನ್ನ ಮೇಲೇ ಅಂಟಿಸು! ಬೀದಿ ತುಂಬ ಅಂಟಿಸಿದ್ದೀಯಲ್ಲ, ಒಬ್ಬರಾದ್ರೂ ಓದಿದ್ದಾರಾ? ಕಾಗದ ಯಾರು ಓದ್ತಾರೆ ಮಾರಾಯ್ತಿ?"

ನರ್ಸಮ್ಮ ನಿಂತಳು. ಪೋಸ್ಟರ್ ನೋಡಿದಳು, ಅಪ್ಪನ ಮುಖ ನೋಡಿದಳು.

"ಅದೂ ನಿಜ ಕಣ್ರೀ. ಕಾಗದ ಯಾರೂ ಓದಲ್ಲ," ಎಂದು ಸುರುಳಿ ಸುತ್ತಿಟ್ಟಳು. ಗೆದ್ದೆ! ಕನ್ನಡಿ ಉಳಿಯಿತು! ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಮಣ್ಣಾದದ್ದು ಹೇಗೂ ಮಾವನ ಮೀಸೆ ಎಂದು ಕತ್ತರಿಯಣ್ಣ ಎದೆಯುಬ್ಬಿಸಿದ.

"ಅಪ್ಪಾ, ಮೀಸೆ ಮೊದಲಿನ ಹಾಗೆ ಬೆಳೆಯೋಕೆ ಎಷ್ಟು ದಿನ ಬೇಕು?"

"ಎರಡು ಮೂರು ತಿಂಗಳಾದ್ರೂ ಬೇಕಮ್ಮ."

"ಚಳಿಗಾಲ ಮುಗಿಯೋಕೂ ಅಷ್ಟೇ. ಅಲ್ಲೀವರೆಗೂ ದಿನಾ ಬಂದು ಈ ಬೆಂಚಲ್ಲಿ ಕೂತ್ಕೊಳ್ಳಿ. ಮೀಸೆ ಏನಾಯ್ತು ಅಂತ ಕೇಳಿದೋರಿಗೆಲ್ಲ ನಡೆದದ್ದು ಹೇಳಿ. ಕಡೇಲಿ ಒಂಬತ್ತು ನಿಯಮಾನೂ ಹೇಳಿಬಿಡಿ."

ನಿವೃತ್ತಿಯಾದಾಗಿನಿಂದ ಗಂಟಲು ಬಿಚ್ಚಿ ಕೂಗಲು ಅವಕಾಶವಿಲ್ಲದೆ ಸೊರಗಿದ್ದ ಮಾವನ ಮುಖ ಅರಳಿತು. ಮರುದಿನ ಬಾಗಿಲು ತೆಗೆಯುವ ಮೊದಲೇ ಹಾಜರ್! ಕೇಳಿದವರಿಗೂ ಹೇಳಿದರು, ಕೇಳದವರನ್ನು ಕೈಹಿಡಿದು ಕೂರಿಸಿಕೊಂಡೂ ಹೇಳಿದರು. ಪೋಸ್ಟರ್ ಓದದ ಬೀದಿ ಒಂದೇ ವಾರದಲ್ಲಿ ಒಂಬತ್ತು ನಿಯಮಗಳನ್ನೂ ಬಾಯಿಪಾಠ ಮಾಡಿತು. ಹೋಗಿ ಬರುವವರೆಲ್ಲ ಸೆಲೂನಿನೊಳಗೆ ತಲೆ ಹಾಕಿ, "ಕತ್ತರಿಯಣ್ಣ, ಬಿಸಿನೀರು ಕುಡಿದ್ರಾ? ಕಿವಿ ಮುಚ್ಕೊಂಡ್ರಾ?" ಎಂದು ವಿಚಾರಿಸತೊಡಗಿದರು.

ಕನ್ನಡಿಯಂತೂ ಖಾಲಿಯಾಗಿಯೇ ಉಳಿಯಿತು. ಅದರಲ್ಲಿ ಹೊತ್ತು ಹೊತ್ತಿಗೂ ಕಾಣುವುದು ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡ ಕತ್ತರಿಯಣ್ಣ ಮತ್ತು ಅವನ ಬೆನ್ನ ಹಿಂದೆ, ಬೋಳು ತುಟಿ ತೋರಿಸುತ್ತ ಕೈ ಬೀಸಿ ಭಾಷಣ ಮಾಡುವ ಮಾವ. ಮೊನ್ನೆ, ಅಂದು ನೊರೆ ಮೆತ್ತಿಸಿಕೊಂಡು ಪಂಥಕ್ಕೆ ಸಾಕ್ಷಿಯಾಗಿದ್ದ ಗಿರಾಕಿ ಬಂದು ಕುರ್ಚಿಯಲ್ಲಿ ಕುಳಿತ. ಕತ್ತರಿಯಣ್ಣ ಗಲ್ಲಕ್ಕೆ ಕೈ ಹಾಕುವ ಮುನ್ನವೇ ಆತ ಅವನ ಮಣಿಕಟ್ಟು ಹಿಡಿದುಕೊಂಡ.

"ಒಂದ್ಸಲ ಉಸಿರು ಮೇಲಕ್ಕೆಳೆದು ಮೂಗು ಸರಿಯಾಗಿದೆ ಅಂತ ತೋರಿಸಿ ಸ್ವಾಮಿ. ಆಮೇಲೆ ಕತ್ತಿ ಹಿಡೀರಿ!"